ಮೂರು ಬೆರಳು

ಮತ್ತಿಕೆರೆಯಲ್ಲಿ, ಕೀಲಿಕೈ ನಕಲು ಮಾಡುವ ಅಂಗಡಿಯ ಮೇಲೆ
ಹದಿನಾಲ್ಕು ಮೆಟ್ಟಿಲು ಹತ್ತಿದರೆ ಫ್ಲೇವಿಯಾ ಡಾಕ್ಟರ ಕೋಣೆ.
ಕೆಳಗೆ ಅರ ತಿರುಗುತ್ತದೆ, ಹಿತ್ತಾಳೆ ಕಿರುಚುತ್ತದೆ.
ಮೇಲೆ ನಾನು, ಬಾಯಿ ತೆರೆಯಲು ಬಂದವಳು.

"ತೆರೆಯಿರಿ, ಎಷ್ಟು ಬರ್ತದೋ ಅಷ್ಟು."
ನನ್ನದೇ ಬೆರಳು ನಿಲ್ಲಿಸಿ ಅಳೆಯಬೇಕಂತೆ,
ಮೂರು ಹೋದರೆ ಸರಿ.
ನನಗೆ ಒಂದೂವರೆ.
ಆಮೇಲೆ ಕಿವಿಯ ಮುಂದೆ ಟಕ್ ಎಂದಿತು
ಕೋಡುಬಳೆ ಮುರಿದ ಹಾಗೆ.
ನಾನು ಕೋಡುಬಳೆ ಮುರಿದು ಎರಡು ವರ್ಷ.

ಕಿವಿಯವರು ಕಿವಿ ನೋಡಿ, ಕಿವಿ ಚೆನ್ನಾಗಿದೆ ಎಂದಿದ್ದರು.
ಹಲ್ಲಿನವರು ಒಂದು ಹಲ್ಲು ಕಿತ್ತು ಕೈಗೆ ಕೊಟ್ಟಿದ್ದರು.
ಅತ್ತಿಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ
ಘಾಟೇ ಬರಲಿಲ್ಲ ನೋಡು ಎಂದಿದ್ದಳು.
ನೋವು ಮಾತ್ರ ಕೆನ್ನೆಯಿಂದ ಕತ್ತಿಗೆ, ಕತ್ತಿನಿಂದ ಹೆಗಲಿಗೆ
ಬಾಡಿಗೆ ಮನೆ ಬದಲಿಸುತ್ತಲೇ ಇತ್ತು.
"ದವಡೆಯ ಕೀಲು," ಎಂದರು ಇವರು.
ಕೆಳಗೆ ಕೀಲಿಯವನ ಅರ ನಿಂತಿತು.

"ಕೆಲಸ ಏನು, ಪಂಕಜಾಕ್ಷಿ?"
ಕರೆಂಟು ಹೋದರೆ ಜನ ಫೋನು ಮಾಡುತ್ತಾರಲ್ಲ,
ಆ ಕಡೆ ಎತ್ತುವವಳು ನಾನು.
ಹನ್ನೊಂದು ವರ್ಷ.
ಟ್ರಾನ್ಸ್‌ಫಾರ್ಮರು ಸಿಡಿಯುವುದು ಲಗ್ಗೆರೆಯಲ್ಲಿ,
ಬೈಗುಳ ಬೀಳುವುದು ನನ್ನ ಬಲಗಿವಿಯಲ್ಲಿ.
ಅಮ್ಮ, ಅಕ್ಕ, ಯಾರನ್ನೂ ಬಿಡುವುದಿಲ್ಲ.
ನನಗೆ ಕೊಟ್ಟ ಮಾತು: ಕ್ಷಮಿಸಿ ಸಾರ್, ದೂರು ದಾಖಲಾಗಿದೆ.
ಉಳಿದ ಮಾತನ್ನು
ಹಲ್ಲಲ್ಲಿ ಕಚ್ಚಿ ಮನೆಗೆ ತಂದು
ರಾತ್ರಿಯೆಲ್ಲ ಅರೆಯುತ್ತಿದ್ದೆ.
ಇಲಿ ಎಂದುಕೊಂಡು ಗಂಡ ಬೋನು ತಂದಿದ್ದರು.

ಅವರು ನಕ್ಕು ಕೈಗವಸು ತೊಟ್ಟರು.
ಹೆಬ್ಬೆರಳು ಕೆನ್ನೆಯ ಒಳಗೆ ಹೋಯಿತು.
ಬಲೂನಿನ ರುಚಿ.
ಬಾಯೊಳಗೆ ಇನ್ನೊಬ್ಬರ ಬೆರಳು ಬಂದದ್ದು
ಐದನೇ ವಯಸ್ಸಿನಲ್ಲಿ, ನುಂಗಹೋದ ನಾಲ್ಕಾಣೆಗಾಗಿ.
ಅವ್ವ ಅದನ್ನು ತೆಗೆದು, ಒರೆಸಿ, ಡಬ್ಬಿಗೆ ಹಾಕಿದ್ದಳು.
ಈಗ ಹುಡುಕುತ್ತಿರುವುದು ಏನನ್ನು?
"ಇಲ್ಲಿ," ಎಂದರು. ಹೌದು, ಒಂದು ಗಂಟು,
ಹುಣಸೆಬೀಜದಷ್ಟು. ಒತ್ತಿ ಹಿಡಿದರು.
ಕಣ್ಣಲ್ಲಿ ನೀರು, ಕಟಬಾಯಲ್ಲಿ ನೀರು,
ನಾಚಿಕೆಗೆ ಎರಡು ಕೈ ಸಾಲದು.
ಒರೆಸಲು ಹೋದರೆ, "ಇರಲಿ, ಇಳೀಲಿ."

ಆಮೇಲೆ ತಲೆ ಅವರ ಅಂಗೈ ಮೇಲೆ.
ಕತ್ತು ಹಿಡಿದು ಆಚೆ ದಬ್ಬುವುದನ್ನು ಕಂಡಿದ್ದೆ.
ಹೀಗೆ, ಕೂಸನ್ನು ಎರೆಯುವವರ ಹಾಗೆ ಹಿಡಿಯುವುದು
ಓದಿ ಕಲಿಯುವ ವಿದ್ಯೆ ಎಂದು ಗೊತ್ತಿರಲಿಲ್ಲ.
"ತಲೆ ನನಗೆ ಬಿಡಿ." ಬಿಟ್ಟೆ ಎಂದುಕೊಂಡೆ.
"ಇಲ್ಲ, ಇನ್ನೂ ನೀವೇ ಎತ್ತಿಕೊಂಡಿದ್ದೀರಿ."
ನಾಲ್ಕನೇ ವಾರ, ಯಾವಾಗಲೋ, ಬಿಟ್ಟೆ.
"ಈಗ ಬಂತು ನೋಡಿ ಮಾರಾಯ್ರೆ ಭಾರ,"
ಎಂದರು ಮಂಗಳೂರಿನ ರಾಗದಲ್ಲಿ.

ಮನೆಗೆ ಕೊಟ್ಟ ಪಾಠ ಒಂದೇ ಅಕ್ಷರ: ನ.
ನ ಎನ್ನುವಾಗ ನಾಲಿಗೆ ತಾಗುವ ಜಾಗದಲ್ಲೇ ಇರಲಿ,
ತುಟಿ ಸೇರಿರಲಿ, ಹಲ್ಲು ಸೇರದಿರಲಿ.
ಬಾಯಿ ಮುಚ್ಚುವುದೆಂದರೆ ಹಲ್ಲು ಕಚ್ಚುವುದು
ಎಂದೇ ತಿಳಿದಿದ್ದೆ ಇಷ್ಟು ದಿನ.
ನಿನ್ನೆ ಪೀಣ್ಯದವನೊಬ್ಬ ಬೈದ, ಉದ್ದಕ್ಕೆ, ಉಸಿರು ಬಿಡದೆ.
ನಾನು ನ-ದಲ್ಲಿ ಕೂತಿದ್ದೆ.
ಮುಗಿದ ಮೇಲೆ ಹೇಳಿದೆ: ಲೈನ್‌ಮನ್ ಕಂಬ ಹತ್ತಿದ್ದಾನೆ.
ಕ್ಷಮಿಸಿ ಎನ್ನುವುದು ಮರೆತೇಹೋಯಿತು.
ಅವನಿಗೂ ಗೊತ್ತಾದಂತಿಲ್ಲ.

ಪೂರ್ತಿ ವಾಸಿಯೇನಲ್ಲ. ಟಕ್ ಇನ್ನೂ ಇದೆ,
ಒದ್ದೆಯಾದ ಬಾಗಿಲು ತೆಗೆದಂತೆ.
ಸಂಜೆ ಬಸ್ಸು ಯಶವಂತಪುರದ ಸಿಗ್ನಲ್ಲಿನಲ್ಲಿ ನಿಂತಾಗ
ಆಕಳಿಕೆ ಬಂತು. ಹೆದರಿ ನುಂಗಲಿಲ್ಲ.
ಅಡ್ಡ ಹಿಡಿಯಲು ಎತ್ತಿದ ಕೈಯಲ್ಲೇ ಅಳೆದೆ:
ಎರಡು ಸಲೀಸು, ಮೂರನೆಯದರ ಉಗುರು.
ಎದುರು ಸೀಟಿನ ಮಗು ಆಕಳಿಸಿತು, ಅದರ ಅಜ್ಜಿ,
ಬುಟ್ಟಿ ತಬ್ಬಿಕೊಂಡ ಸೊಪ್ಪಿನವಳು,
ಕೊನೆಗೆ ಕಂಡಕ್ಟರು. ಅವನು ಅರ್ಧದಲ್ಲೇ
ಟಿಕೆಟ್ ಎಂದದ್ದು
ಹಿಹೆಹ್ ಎಂದು ಕೇಳಿಸಿತು.